ಹೆಸರು ಒಂದು, ಹಿರಿಯರು ಹಲವರು

(ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ದಿನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಅನೇಕ ಮನೆತನಗಳವರು ತಮ್ಮ ವಂಶವೃಕ್ಷವನ್ನು ಬರೆದಿಡಲು ತೊಡಗಿರುವುದು ಸಂತೋಷದ ಸಂಗತಿ. ಹಳೆಯ ದಾಖಲೆ ಪುಸ್ತಕಗಳನ್ನು ನೋಡಬೇಕೆಂದು ಗುರುಮನೆಗೆ ಬರುವವರೂ ಹೆಚ್ಚಾಗಿದ್ದಾರೆ. ಬಂದವರಲ್ಲಿ ಬಹುಮಂದಿಗೆ ಒಂದೇ ತೊಡಕು ಎದುರಾಗುತ್ತದೆ. "ನಮ್ಮ ಮುತ್ತಜ್ಜನ ಹೆಸರು ಪೆದ್ರು" ಎಂದು ಹೇಳುತ್ತಾರೆ. ಪುಸ್ತಕವನ್ನು ತೆರೆದರೆ ಅಲ್ಲಿ ಒಬ್ಬ ಪೆದ್ರು ಅಲ್ಲ, ಅದೇ ಮನೆತನದ ಹೆಸರಿನ ಮೂವರು ನಾಲ್ವರು ಪೆದ್ರುಗಳು ಸಾಲಾಗಿ ನಿಂತಿರುತ್ತಾರೆ. ಇವರಲ್ಲಿ ನಮ್ಮವರು ಯಾರು? ಈ ಪ್ರಶ್ನೆಯನ್ನೇ ಇಂದಿನ ಮಾತಿಗೆ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಇದು ಬಿಡುವಿದ್ದವರ ಕುತೂಹಲದ ಪ್ರಶ್ನೆಯಷ್ಟೇ ಎಂದು ಯಾರೂ ತಿಳಿಯಬಾರದು. ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ಬರೆದುಬಿಟ್ಟರೆ ಇಬ್ಬರಲ್ಲಿ ಒಬ್ಬರು ಇಲ್ಲವಾಗಿ ಹೋಗುತ್ತಾರೆ. ಅವರ ಬಾಳು, ಅವರ ಕಷ್ಟ, ಅವರ ಮರಣ ಎಲ್ಲವೂ ಇನ್ನೊಬ್ಬರ ಖಾತೆಗೆ ಸೇರಿಬಿಡುತ್ತವೆ. ಜ್ಞಾನಸ್ನಾನದ ತೊಟ್ಟಿಯ ಬಳಿ ಪ್ರತಿಯೊಂದು ಮಗುವನ್ನೂ ಪ್ರತ್ಯೇಕವಾಗಿ ಹೆಸರು ಹಿಡಿದು ಕರೆದ ತಾಯಿ ನಮ್ಮ ಧರ್ಮಸಭೆ. ಅವರನ್ನು ಬೇರೆ ಬೇರೆಯಾಗಿಯೇ ಗುರುತಿಸುವುದು ಮೃತರಿಗೆ ನಾವು ಸಲ್ಲಿಸಬೇಕಾದ ನ್ಯಾಯ.

ಹೆಸರುಗಳು ಹೀಗೆ ಮರುಕಳಿಸಲು ಕಾರಣವೇನು? ನಮ್ಮ ಧರ್ಮಕೇಂದ್ರಕ್ಕೆ ಮೂರು ಕಡೆಗಳಿಂದ ಜನ ಬಂದು ಸೇರಿದ್ದಾರೆ. ಕರಾವಳಿಯಿಂದ ಘಟ್ಟ ಹತ್ತಿ ಕಾಫಿ ತೋಟಗಳಿಗೆ ಬಂದ ಕೊಂಕಣಿ ಮನೆತನಗಳು, ಮೈಸೂರು ಬಯಲುಸೀಮೆಯ ಕನ್ನಡ ಮನೆತನಗಳು, ತೋಟದ ಕೆಲಸಕ್ಕೆಂದು ಬಂದು ನೆಲೆಸಿದ ತಮಿಳು ಮನೆತನಗಳು. ಮೂವರ ಭಾಷೆ ಬೇರೆಯಾದರೂ ಹಿರಿಯರ ಹೆಸರನ್ನು ಮಕ್ಕಳಿಗೆ ಇಡುವ ಪದ್ಧತಿ ಮೂವರಲ್ಲಿಯೂ ಇದೆ. ಕರಾವಳಿಯವರಲ್ಲಿ ಚೊಚ್ಚಲ ಗಂಡುಮಗುವಿಗೆ ಸಾಮಾನ್ಯವಾಗಿ ತಂದೆಯ ತಂದೆಯ ಹೆಸರು, ಮುಂದಿನವನಿಗೆ ತಾಯಿಯ ತಂದೆಯ ಹೆಸರು. ತಮಿಳಿನಲ್ಲಿ ಮೊಮ್ಮಗನಿಗೆ 'ಪೇರನ್' ಎಂದು ಹೆಸರು. ಅಂದರೆ ಅಜ್ಜನ ಪೆಸರನ್ನು ಹೊತ್ತವನು ಎಂದೇ ಅರ್ಥ. ಇದಕ್ಕೆ ಸಂತರ ಭಕ್ತಿಯೂ ಕೂಡಿಕೊಂಡಿತು. ಜೂನ್ 13ರ ಆಸುಪಾಸಿನಲ್ಲಿ ಹುಟ್ಟಿದರೆ ಅಂತೋಣಿ, ಜನವರಿ 20ರ ಸುಮಾರಿಗೆ ಹುಟ್ಟಿದರೆ ಸೆಬಾಸ್ಟಿಯನ್, ಡಿಸೆಂಬರ್ 3ರ ಹತ್ತಿರವಾದರೆ ಕ್ಸೇವಿಯರ್. ಹೀಗೆ ಬೆರಳೆಣಿಕೆಯ ಹೆಸರುಗಳೇ ಊರಿಡೀ ಹರಿದಾಡಿದವು.

ಮನೆತನದ ಹೆಸರಾದರೂ ನೆರವಿಗೆ ಬರುವುದೇ ಎಂದರೆ ಅದೂ ಅಷ್ಟಕ್ಕಷ್ಟೆ. ಪೋರ್ಚುಗೀಸರ ಕಾಲದಲ್ಲಿ ಜ್ಞಾನಸ್ನಾನ ಹೊಂದಿದವರಿಗೆ ಗುರುಗಳ ಅಥವಾ ಜ್ಞಾನಪಿತರ ಅಡ್ಡಹೆಸರು ಬರುತ್ತಿತ್ತು. ಆದುದರಿಂದ ಇಬ್ಬರು ಡಿಸೋಜರು ಬಂಧುಗಳೇ ಆಗಿರಬೇಕೆಂದಿಲ್ಲ; ಒಂದೇ ಮೂಲದ ಅಣ್ಣತಮ್ಮಂದಿರ ಸಂತತಿಗೆ ಬೇರೆ ಬೇರೆ ಅಡ್ಡಹೆಸರು ಬಂದಿರಲೂಬಹುದು.

ಈ ಪದ್ಧತಿ ನಮಗೆ ಮಾತ್ರ ಸೇರಿದ್ದಲ್ಲ. ಸಂತ ಲೂಕನು ಬರೆದ ಶುಭಸಂದೇಶದ ಮೊದಲನೆಯ ಅಧ್ಯಾಯವನ್ನು ನೆನಪಿಗೆ ತಂದುಕೊಳ್ಳಿರಿ. ಎಲಿಜಬೇತಳ ಮಗುವಿಗೆ ಎಂಟನೆಯ ದಿನ ಹೆಸರಿಡಲು ಬಂದ ಬಂಧುಗಳು ತಂದೆಯ ಹೆಸರಾದ ಜಕರೀಯ ಎಂಬುದನ್ನೇ ಇಡಬೇಕೆಂದಿದ್ದರು. ತಾಯಿಯು ಯೊವಾನ್ನ ಎಂದಾಗ, ನಿಮ್ಮ ಕುಲದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಆಕ್ಷೇಪಿಸಿದರು. ನಮ್ಮ ಮನೆಗಳ ಅಜ್ಜಿಯರು ಇಂದಿಗೂ ಎತ್ತುವ ಆಕ್ಷೇಪ ಇದೇ ಅಲ್ಲವೇ? ಅದೇ ಲೂಕನು ಮೂರನೆಯ ಅಧ್ಯಾಯದಲ್ಲಿ ಕೊಟ್ಟಿರುವ ಪ್ರಭುವಿನ ವಂಶಾವಳಿಯಲ್ಲಿ ಜೋಸೆಫ್, ಲೇವಿ, ಮತ್ತಾತ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ.

ಹನ್ನೆರಡು ಮಂದಿ ಪ್ರೇಷಿತರನ್ನು ನೋಡಿದರೆ ಅವರಲ್ಲಿ ಇಬ್ಬರು ಸಿಮೋನರು, ಇಬ್ಬರು ಯಕೋಬರು, ಇಬ್ಬರು ಯೂದರು. ಎಂದರೆ ಅರ್ಧದಷ್ಟು ಮಂದಿ ಒಂದೇ ಹೆಸರನ್ನು ಇನ್ನೊಬ್ಬರೊಡನೆ ಹಂಚಿಕೊಂಡವರು! ಶುಭಸಂದೇಶಕಾರರು ಇವರನ್ನು ಹೇಗೆ ಬೇರ್ಪಡಿಸಿದರು? ಯಕೋಬರಲ್ಲಿ ಒಬ್ಬನನ್ನು ಜೆಬೆದಾಯನ ಮಗನೆಂದೂ ಇನ್ನೊಬ್ಬನನ್ನು ಅಲ್ಫಾಯನ ಮಗನೆಂದೂ ತಂದೆಯ ಹೆಸರಿನಿಂದ ಗುರುತಿಸಿದರು. ಸಿಮೋನರಲ್ಲಿ ಒಬ್ಬನಿಗೆ ಪೇತ್ರನೆಂಬ ಹೆಸರು ಪ್ರಭುವಿನಿಂದಲೇ ಬಂತು. ಅನೇಕ ಮರಿಯರಲ್ಲಿ ಒಬ್ಬಳನ್ನು ಮಗ್ದಲದವಳೆಂದು ಊರಿನಿಂದ ಗುರುತಿಸಿದರು. ತಂದೆ, ಊರು, ಕರೆಯುವ ಹೆಸರು: ಈ ಮೂರು ಕೀಲಿಕೈಗಳೇ ನಮ್ಮ ದಾಖಲೆ ಪುಸ್ತಕಗಳನ್ನೂ ತೆರೆಯುತ್ತವೆ.

ಈ ಪುಸ್ತಕಗಳ ಚರಿತ್ರೆಯನ್ನು ಸ್ವಲ್ಪ ತಿಳಿದಿರಬೇಕು. 1563ರಲ್ಲಿ ತ್ರೆಂತ್ ಮಹಾಸಭೆಯು ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದೂ ಜ್ಞಾನಸ್ನಾನದಲ್ಲಿ ಜ್ಞಾನಪಿತ ಜ್ಞಾನಮಾತೆಯರ ಹೆಸರನ್ನು ದಾಖಲಿಸಬೇಕೆಂದೂ ವಿಧಿಸಿತು. 1614ರಲ್ಲಿ ಐದನೆಯ ಪೌಲ್ ಜಗದ್ಗುರುಗಳ ಕಾಲದಲ್ಲಿ ಪ್ರಕಟವಾದ ಸಂಸ್ಕಾರವಿಧಿ ಗ್ರಂಥವು ಮರಣದ ದಾಖಲೆಯನ್ನೂ ಸೇರಿಸಿ ಎಲ್ಲಕ್ಕೂ ಮಾದರಿಯನ್ನು ಕೊಟ್ಟಿತು. 1908ರಲ್ಲಿ ಜಾರಿಗೆ ಬಂದ ಆಜ್ಞೆಯಂತೆ, ಮದುವೆಯಾದವರ ಜ್ಞಾನಸ್ನಾನದ ದಾಖಲೆಯ ಅಂಚಿನಲ್ಲಿ ಅವರ ಮದುವೆಯ ವಿವರವನ್ನೂ ಬರೆಯುವುದು ಕಡ್ಡಾಯವಾಯಿತು. ಒಂದೇ ಹೆಸರಿನ ಇಬ್ಬರಲ್ಲಿ ಯಾರು ಯಾರನ್ನು ಮದುವೆಯಾದರು ಎಂಬುದಕ್ಕೆ ಈ ಅಂಚಿನ ಬರಹಕ್ಕಿಂತ ಉತ್ತಮ ಸಾಕ್ಷಿಯಿಲ್ಲ. ಎಷ್ಟೋ ಮಂದಿ ನಡುವಿನ ಬರಹವನ್ನು ಓದಿ ಅಂಚನ್ನು ನೋಡದೆ ಪುಟ ಮಗುಚುತ್ತಾರೆ.

ಕರಾವಳಿಯ ಮನೆತನಗಳವರು ಒಂದು ಎಲ್ಲೆಯನ್ನು ಅರಿತಿರಬೇಕು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಅವರ ದೇವಾಲಯಗಳು ನೆಲಸಮವಾದವು. ಪುಸ್ತಕಗಳೂ ಬಹುಪಾಲು ಅವುಗಳೊಡನೆ ಹೋದವು. 1799ರ ಬಳಿಕ ಮರಳಿ ಬಂದವರಿಂದಲೇ ಹೊಸ ಪುಸ್ತಕಗಳು ಪ್ರಾರಂಭವಾದುವು. ಆ ಗೆರೆಯನ್ನು ದಾಟಿ ಹಿಂದಿನ ಹತ್ತಾರು ತಲೆಮಾರುಗಳನ್ನು ಹೆಸರಿಸುವ ವಂಶಾವಳಿಯನ್ನು ಯಾರಾದರೂ ನಿಮಗೆ ತೋರಿಸಿದರೆ, ಆಧಾರವೇನು ಎಂದು ವಿನಯದಿಂದ ಕೇಳಿರಿ.

ಇನ್ನು ಭಾಷೆಯ ತೊಡಕು. ಹಳೆಯ ಗುರುಗಳು ಪೋರ್ಚುಗೀಸ್ ಅಥವಾ ಲತೀನ್ ಭಾಷೆಯಲ್ಲಿ ಬರೆದರು. ಮನೆಯಲ್ಲಿ ಪೆದ್ರು ಎಂದು ಕರೆಸಿಕೊಂಡವನೂ ರಾಯಪ್ಪ ಎಂದು ಕರೆಸಿಕೊಂಡವನೂ ಲತೀನ್ ಪುಸ್ತಕದಲ್ಲಿ 'ಪೆತ್ರುಸ್' ಆದರು. ಚಿನ್ನಪ್ಪನು 'ಪಾವ್ಲುಸ್' ಆದನು. ಅರುಳಪ್ಪನೂ ಜುವಾಂವನೂ 'ಯೊವಾನ್ನೆಸ್' ಆದರು. ತಂದೆಯ ಹೆಸರು ಷಷ್ಠೀ ವಿಭಕ್ತಿಯಲ್ಲಿ ಬರುವುದರಿಂದ 'ಪೆತ್ರಿ' ಎಂದಿದ್ದರೆ ಪೆತ್ರುಸನ ಮಗ ಎಂದರ್ಥ. ಅದು ತಿಳಿಯದೆ 'ಪೆತ್ರಿ' ಎಂಬ ಹೊಸ ಪೂರ್ವಜನನ್ನು ಸೃಷ್ಟಿಸಿಕೊಂಡವರೂ ಉಂಟು. ಅಲ್ಲದೆ ಅಜ್ಜನ ಹೆಸರನ್ನು ಹಿಡಿದು ಮಗುವನ್ನು ಗದರಿಸಲು ಸೊಸೆಗೆ ಸಂಕೋಚ. ಆದುದರಿಂದ ಮಗುವಿಗೆ ಪುಟ್ಟ, ಅಣ್ಣು ಎಂದು ಮುದ್ದಿನ ಹೆಸರು. ಹಿರಿಯರ ನೆನಪಿನಲ್ಲಿ ಉಳಿಯುವುದು ಆ ಹೆಸರು, ಪುಸ್ತಕದಲ್ಲಿರುವುದು ಇನ್ನೊಂದು.

ಈಗ ಒಂದು ಉದಾಹರಣೆಯನ್ನು ನೋಡೋಣ. ಇದರ ಹೆಸರುಗಳೂ ವರ್ಷಗಳೂ ಕಲ್ಪಿತ. ಗೋಜಲು ಮಾತ್ರ ಎಲ್ಲ ಧರ್ಮಕೇಂದ್ರಗಳಲ್ಲಿಯೂ ಸಿಗುವಂಥದು.

ಹಿರಿಯ ಪೆದ್ರುವಿಗೆ ಆಂತೊನ್ ಮತ್ತು ಸಾಲ್ವದೋರ್ ಎಂಬ ಇಬ್ಬರು ಗಂಡುಮಕ್ಕಳು. ಪದ್ಧತಿಯಂತೆ ಇಬ್ಬರೂ ತಮ್ಮ ಚೊಚ್ಚಲ ಮಗನಿಗೆ ಅಜ್ಜನ ಹೆಸರಿಟ್ಟರು. ಆಂತೊನನ ಮಗ ಪೆದ್ರು ಹುಟ್ಟಿದ್ದು 1862ರಲ್ಲಿ, ಸಾಲ್ವದೋರನ ಮಗ ಪೆದ್ರು ಹುಟ್ಟಿದ್ದು 1865ರಲ್ಲಿ. ಬೆಳೆದ ಮೇಲೆ ಇಬ್ಬರೂ ಮರಿಯ ಎಂಬ ಹೆಸರಿನ ಕನ್ಯೆಯರನ್ನೇ ವರಿಸಿದರು. ಇಷ್ಟಾದ ಮೇಲೆ ಪುಸ್ತಕದಲ್ಲಿ ಹೀಗೆ ಕಾಣುತ್ತದೆ: 1888ರಲ್ಲಿ ಪೆತ್ರುಸ್ ಮತ್ತು ಮರಿಯ ದಂಪತಿಗಳ ಮಗು ಆಂತೊನ್, 1891ರಲ್ಲಿ ಅವೇ ಹೆಸರಿನ ದಂಪತಿಗಳ ಮಗಳು ರೋಸ, 1895ರಲ್ಲಿ ಮತ್ತೆ ಅವೇ ಹೆಸರಿನ ದಂಪತಿಗಳ ಮಗು ಸಾಲ್ವದೋರ್. ವಂಶವೃಕ್ಷ ಬರೆಯುವವನು ಮೂವರನ್ನೂ ಒಂದೇ ತಾಯಿಯ ಮಕ್ಕಳೆಂದು ಬರೆದುಬಿಡುತ್ತಾನೆ.

ಕುಟುಂಬಕ್ಕೆ ಇದರಿಂದ ಕಳವಳ ಉಂಟಾಗುತ್ತದೆ. ಏಕೆಂದರೆ 1942ರಲ್ಲಿ 1888ರ ಆಂತೊನನ ಮಗಳೂ 1895ರ ಸಾಲ್ವದೋರನ ಮಗನೂ ಮದುವೆಯಾಗಿದ್ದಾರೆ. ಹಾಗಾದರೆ ಒಡಹುಟ್ಟಿದ ಅಣ್ಣತಮ್ಮಂದಿರ ಮಕ್ಕಳು ಮದುವೆಯಾದಂತಾಯಿತಲ್ಲ! ನಮ್ಮ ಜನರಲ್ಲಿ ಅವರು ಅಣ್ಣತಂಗಿಯರೇ ಸರಿ. ಮೊಮ್ಮಕ್ಕಳು ಅಜ್ಜ ಅಜ್ಜಿಯರ ಹೆಸರೆತ್ತಲು ನಾಚುತ್ತಾರೆ; ವಂಶವೃಕ್ಷವನ್ನು ಮಡಿಸಿ ಪೆಟ್ಟಿಗೆಯಲ್ಲಿಡುತ್ತಾರೆ.

ಆದರೆ ಮರಣದ ಪುಸ್ತಕವನ್ನು ತೆರೆದು ನೋಡೋಣ. 1893ರಲ್ಲಿ 'ಪೆತ್ರುಸ್, ಸುಮಾರು 30 ವರ್ಷ, ಮರಿಯಳ ಪತಿ' ಎಂದು ಒಂದು ದಾಖಲೆ ಇದೆ. ಒಬ್ಬ ಪೆದ್ರು 1893ರಲ್ಲಿ ಮಣ್ಣಿಗೆ ಸೇರಿದ್ದರೆ 1895ರಲ್ಲಿ ಹುಟ್ಟಿದ ಮಗುವಿನ ತಂದೆ ಅವನಾಗಲಾರ. ಆದುದರಿಂದ ಪೆದ್ರು ಮತ್ತು ಮರಿಯ ಎಂಬ ದಂಪತಿಗಳು ಎರಡು ಜೋಡಿ ಇದ್ದರು. ಸತ್ತವನು ಯಾರು? ವಯಸ್ಸಿನಿಂದ ತೀರ್ಮಾನಿಸಲಾಗದು. 'ಸುಮಾರು 30' ಎಂಬುದು 31ಕ್ಕೂ ಹೊಂದುತ್ತದೆ, 28ಕ್ಕೂ ಹೊಂದುತ್ತದೆ; ಹಳೆಯ ಮರಣದಾಖಲೆಗಳಲ್ಲಿ ವಯಸ್ಸು ಊಹೆಯದೇ. ಮದುವೆಯ ಪುಸ್ತಕವನ್ನು ನೋಡಿದರೆ ಆಂತೊನನ ಮಗ ಪೆದ್ರುವಿನ ಮದುವೆ 1887ರಲ್ಲಿ, ಸಾಲ್ವದೋರನ ಮಗ ಪೆದ್ರುವಿನ ಮದುವೆ 1894ರಲ್ಲಿ ನಡೆದಿವೆ. 1893ರಲ್ಲಿ ತೀರಿಕೊಂಡವನು 1894ರಲ್ಲಿ ಮದುವೆಯಾಗಲಾರ. ಆದುದರಿಂದ ತೀರಿಕೊಂಡವನು ಆಂತೊನನ ಮಗ. 1888 ಮತ್ತು 1891ರ ಮಕ್ಕಳು ಅವನವು. 1895ರ ಮಗು ಸಾಲ್ವದೋರನ ಮಗ ಪೆದ್ರುವಿನದು. ಚೊಚ್ಚಲ ಮಕ್ಕಳ ಹೆಸರುಗಳೂ ಇದನ್ನೇ ಹೇಳುತ್ತವೆ: ಒಬ್ಬನಿಗೆ ಅಜ್ಜ ಆಂತೊನನ ಹೆಸರು, ಇನ್ನೊಬ್ಬನಿಗೆ ಅಜ್ಜ ಸಾಲ್ವದೋರನ ಹೆಸರು.

ಈಗ 1942ರ ಮದುವೆಗೆ ಬರೋಣ. 1917ರಲ್ಲಿ ಪ್ರಕಟವಾದ ಧರ್ಮಸಭೆಯ ಕಾನೂನು ಸಂಹಿತೆಯಂತೆ ರಕ್ತಸಂಬಂಧವನ್ನು ಸಮಾನ ಪೂರ್ವಜನಿಂದ ಕೆಳಗೆ ತಲೆಮಾರುಗಳಾಗಿ ಎಣಿಸುತ್ತಿದ್ದರು. ಮೂರನೆಯ ತಲೆಮಾರಿನವರೆಗೆ ಮದುವೆಗೆ ಅಡ್ಡಿಯಿತ್ತು, ವಿನಾಯಿತಿ ಪಡೆಯಬೇಕಾಗಿತ್ತು. ವಧೂವರರು ಅಣ್ಣತಮ್ಮಂದಿರ ಮಕ್ಕಳಾಗಿದ್ದರೆ ಅದು ಎರಡನೆಯ ತಲೆಮಾರು. ದಾಖಲೆಯಲ್ಲಿ ವಿನಾಯಿತಿಯ ಉಲ್ಲೇಖ ಇರಲೇಬೇಕಾಗಿತ್ತು. ಅಲ್ಲಿ ಅಂಥ ಉಲ್ಲೇಖವಿಲ್ಲ. ಹಿರಿಯ ಪೆದ್ರುವಿನಿಂದ ಎಣಿಸಿದರೆ ಅವರು ನಾಲ್ಕನೆಯ ತಲೆಮಾರಿನವರು. ಆದುದರಿಂದ ವಿನಾಯಿತಿಯ ಅಗತ್ಯವೇ ಇರಲಿಲ್ಲ. ಬರೆಯದೆ ಬಿಟ್ಟದ್ದೂ ಇಲ್ಲಿ ಹೊಂದಿಕೆಯಾಗುವ ಸಾಕ್ಷಿಯಾಯಿತು. ಮೊಮ್ಮಕ್ಕಳು ನಾಚಬೇಕಾದುದು ಏನೂ ಇಲ್ಲ. ಇಷ್ಟು ವರ್ಷ ಅಜ್ಜ ಅಜ್ಜಿಯರ ಮೇಲೆ ಹೊರಿಸಿದ್ದ ಕಳಂಕ ಎರಡು ಹೆಸರುಗಳನ್ನು ಬೆರೆಸಿದ್ದರಿಂದ ಹುಟ್ಟಿದ್ದು. (1983ರ ಹೊಸ ಸಂಹಿತೆಯಲ್ಲಿ ಎಣಿಕೆಯ ಕ್ರಮವೇ ಬದಲಾಗಿದೆ. ಈಗಿನ ನಾಲ್ಕನೆಯ ಅಂತಸ್ತು ಎಂದರೆ ಒಡಹುಟ್ಟಿದವರ ಮಕ್ಕಳು. ಹಳೆಯ ಎಣಿಕೆಯನ್ನೂ ಹೊಸದನ್ನೂ ಬೆರೆಸಬಾರದು.)

ಈ ಉದಾಹರಣೆಯಿಂದ ಕೆಲವು ನಿಯಮಗಳನ್ನು ಹೇಳಬಹುದು. ಮೊದಲನೆಯದು, ಹೆಸರೊಂದನ್ನೇ ನಂಬಬೇಡಿ. ತಂದೆ, ತಾಯಿ, ಹೆಂಡತಿ ಅಥವಾ ಗಂಡ, ವಾಸದ ತೋಟ ಅಥವಾ ಮನೆ, ಇವುಗಳಲ್ಲಿ ಎರಡಾದರೂ ಕೂಡಿಬರುವ ತನಕ ಕಾಯಿರಿ. ಎರಡನೆಯದು, ಜ್ಞಾನಸ್ನಾನದ ಪುಸ್ತಕವೊಂದನ್ನೇ ನೋಡದೆ ಮದುವೆ ಮತ್ತು ಮರಣದ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿರಿ. ಶಿಶು ತೀರಿಕೊಂಡಾಗ ಅದರ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ರೂಢಿಯಲ್ಲಿತ್ತು. ಮರಣದ ಪುಸ್ತಕವನ್ನು ನೋಡದವರು ಸತ್ತ ಮಗುವಿನ ಹುಟ್ಟಿದ ದಿನವನ್ನು ಬದುಕಿದವನಿಗೆ ಅಂಟಿಸುತ್ತಾರೆ. ಮೂರನೆಯದು, ಜ್ಞಾನಪಿತ ಜ್ಞಾನಮಾತೆಯರ ಹೆಸರನ್ನು ಬಿಡದೆ ಬರೆದುಕೊಳ್ಳಿರಿ. ಅವರು ಹೆಚ್ಚಾಗಿ ಹತ್ತಿರದ ಬಂಧುಗಳು. ಯಾವ ಮನೆಯವರು ಎಂದು ತಿಳಿದರೆ ಮಗು ಯಾವ ಮನೆಯದೆಂಬ ಸುಳಿವು ಸಿಗುತ್ತದೆ. ನಾಲ್ಕನೆಯದು, ನಮ್ಮ ಪುಸ್ತಕಗಳು ನೂರು ವರ್ಷದವು. ಅದಕ್ಕೆ ಹಿಂದಿನವರು ಮಾತೃ ಧರ್ಮಕೇಂದ್ರದ ಪುಸ್ತಕದಲ್ಲಿದ್ದಾರೆ, ಅಲ್ಲಿಯೂ ವಿಚಾರಿಸಿರಿ. ಕೊನೆಯದು, ತಿಳಿಯದೆ ಹೋದರೆ ಆ ಸ್ಥಾನವನ್ನು ಖಾಲಿ ಬಿಡಿರಿ. ಇಂದು ಗಣಕಯಂತ್ರದಲ್ಲಿ ಹೆಸರು ಟೈಪು ಮಾಡಿದ ಕೂಡಲೇ ಅದೇ ಹೆಸರಿನ ಹತ್ತು ಮಂದಿ ಬಂದು ನಿಲ್ಲುತ್ತಾರೆ. ಅವರಲ್ಲಿ ಒಬ್ಬರನ್ನು ಎಳೆದು ತಂದು ಖಾಲಿ ಸ್ಥಾನವನ್ನು ತುಂಬುವುದು ಸುಲಭ. ಆದರೆ ಖಾಲಿ ಸ್ಥಾನವು ಸುಳ್ಳು ಹೇಳುವುದಿಲ್ಲ.

ಹೆಸರನ್ನು ಬೆರೆಸುವುದರಿಂದ ಎಂಥ ಅನ್ಯಾಯವಾಗಬಲ್ಲದು ಎಂಬುದಕ್ಕೆ ಧರ್ಮಸಭೆಯ ಚರಿತ್ರೆಯಲ್ಲಿಯೇ ದೊಡ್ಡ ನಿದರ್ಶನವಿದೆ. ಲೂಕನ ಏಳನೆಯ ಅಧ್ಯಾಯದಲ್ಲಿ ಪ್ರಭುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆದ ಪಾಪಿ ಸ್ತ್ರೀಗೆ ಹೆಸರೇ ಇಲ್ಲ. ಎಂಟನೆಯ ಅಧ್ಯಾಯದಲ್ಲಿ ಮಗ್ದಲದ ಮರಿಯಳ ಪ್ರಸ್ತಾಪ ಬರುತ್ತದೆ. ಲಾಜರನ ಸೋದರಿ ಬೆಥಾನಿಯದ ಮರಿಯಳು ಇನ್ನೊಬ್ಬಳು. 591ರಲ್ಲಿ ಮಹಾ ಗ್ರೆಗೋರಿ ಜಗದ್ಗುರುಗಳು ತಮ್ಮ ಪ್ರಬೋಧನೆಯಲ್ಲಿ ಈ ಮೂವರನ್ನೂ ಒಬ್ಬಳೇ ಎಂದು ವಿವರಿಸಿದರು. ಅವರ ಉದ್ದೇಶ ಪಶ್ಚಾತ್ತಾಪದ ಬೋಧನೆ, ಅದು ಒಳ್ಳೆಯದೇ. ಆದರೆ ಅಂದಿನಿಂದ ಪುನರುತ್ಥಾನದ ಪ್ರಥಮ ಸಾಕ್ಷಿಯಾದ ಮಗ್ದಲದ ಮರಿಯಳು ಪಾಶ್ಚಾತ್ಯ ಲೋಕದಲ್ಲಿ ಕೆಟ್ಟ ನಡತೆಯಿಂದ ತಿರುಗಿ ಬಂದ ಹೆಣ್ಣೆಂದೇ ಪ್ರಸಿದ್ಧಳಾದಳು. 1969ರಲ್ಲಿ ಪರಿಷ್ಕರಿಸಿದ ಪಂಚಾಂಗವು ಈ ಬೆರಕೆಯನ್ನು ಬಿಟ್ಟುಕೊಟ್ಟಿತು. 2016ರಲ್ಲಿ ಜಗದ್ಗುರು ಫ್ರಾನ್ಸಿಸರು ಜುಲೈ 22ರ ಆಕೆಯ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಅಂತಸ್ತಿಗೆ ಏರಿಸಿದರು. ಸುಮಾರು 1400 ವರ್ಷಗಳ ಗೋಜಲನ್ನು ಬಿಡಿಸಲು ಧರ್ಮಸಭೆಯೇ ನಾಚಲಿಲ್ಲವೆಂದ ಮೇಲೆ ನಮ್ಮ ಮನೆಯ ವಂಶವೃಕ್ಷವನ್ನು ತಿದ್ದಲು ನಾವೇಕೆ ಹಿಂಜರಿಯಬೇಕು?

ಹಿಂಜರಿಕೆಗೆ ಕಾರಣ ಅನೇಕ ವೇಳೆ ಅಭಿಮಾನ. ಇಬ್ಬರು ಪೆದ್ರುಗಳಲ್ಲಿ ಒಬ್ಬನು ಗದ್ದೆ ತೋಟಗಳ ಧನಿ, ಇನ್ನೊಬ್ಬನು ಬೇರೆಯವರ ತೋಟದಲ್ಲಿ ಕೂಲಿ ಮಾಡಿದವನು ಎಂದಿಟ್ಟುಕೊಳ್ಳಿ. ಎಲ್ಲರಿಗೂ ಧನಿಯ ಮೊಮ್ಮಕ್ಕಳಾಗುವ ಆಸೆ! ಇನ್ನು ಕೆಲವರಿಗೆ ಮತಾಂತರಕ್ಕೆ ಮುಂಚಿನ ಕುಲ ಯಾವುದು, ಅದು ಮೇಲಿನದೇ ಎಂದು ತಿಳಿಯುವ ಹಂಬಲ. ಸಂತ ಪೌಲನು ತಿಮೊಥೇಯನಿಗೆ ಬರೆದ ಪತ್ರದಲ್ಲಿ ಇಂಥ ಮುಗಿಯದ ವಂಶಾವಳಿಗಳ ಬಗ್ಗೆ ಎಚ್ಚರಿಸಿದ್ದಾನೆ. ಸಂತ ಮತ್ತಾಯನು ಪ್ರಭುವಿನ ವಂಶಾವಳಿಯನ್ನು ಬರೆಯುವಾಗ ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ ಇವರನ್ನು ಮುಚ್ಚಿಡಲಿಲ್ಲ. ದೇವಪುತ್ರರೇ ನಾಚದಿದ್ದ ಸಂಗತಿಗಳಿಗೆ ನಾವು ನಾಚುವುದು ತರವಲ್ಲ. ಪುಸ್ತಕದಲ್ಲಿ 'ತಂದೆ ಯಾರೆಂದು ತಿಳಿಯದು' ಎಂಬ ಬರಹ ಕಂಡರೆ ಆ ತಾಯಿಗಾಗಿ ಒಂದು ಪ್ರಾರ್ಥನೆ ಹೇಳಿರಿ. ಅದನ್ನು ಬೀದಿಯ ಮಾತಾಗಿಸಬೇಡಿರಿ. ಇಂಥ ಗುಟ್ಟುಗಳ ರಕ್ಷಣೆಗಾಗಿಯೇ ಪುಸ್ತಕಗಳನ್ನು ಗುರುಗಳ ಸಮ್ಮುಖದಲ್ಲಿ ನೋಡಬೇಕೆಂಬ ನಿಯಮವನ್ನು ಇಟ್ಟಿದ್ದೇವೆ.

ನಾವು ಹೇಳಿದ ಕಥೆಯ ಆ ಎಳೆಯ ಪೆದ್ರುವನ್ನು ಮತ್ತೊಮ್ಮೆ ನೆನೆಯೋಣ. ತಪ್ಪಾಗಿ ಬರೆದ ವಂಶವೃಕ್ಷದಲ್ಲಿ ಅವನು ಇರಲೇ ಇಲ್ಲ. ದಾಯಾದಿಯ ದೀರ್ಘ ಬಾಳಿನೊಳಗೆ ಅವನ ಕಿರಿಯ ಬಾಳು ಕರಗಿಹೋಗಿತ್ತು. ಮೂವತ್ತರ ಪ್ರಾಯದಲ್ಲಿ ಗಂಡನನ್ನು ಕಳೆದುಕೊಂಡು, ಐದು ವರ್ಷದ ಮಗನನ್ನೂ ಎರಡು ವರ್ಷದ ಮಗಳನ್ನೂ ಸಾಕಿದ ವಿಧವೆ ಮರಿಯಳೂ ಕಾಣೆಯಾಗಿದ್ದಳು. ಅವಳ ಹೆಸರಿನಲ್ಲಿ ಇನ್ನೊಬ್ಬ ಮುತ್ತೈದೆ ನಿಂತಿದ್ದಳು. ಅವರಿಗಾಗಿ ಪೂಜೆ ಹೇಳಿಸಿದವರಿಲ್ಲ, ಸಮಾಧಿಯಲ್ಲಿ ಮೇಣದ ಬತ್ತಿ ಹಚ್ಚಿದವರಿಲ್ಲ. ಗೋಜಲು ಬಿಡಿಸಿದ ದಿನ ಆ ಮನೆಗೆ ಇಬ್ಬರು ಹಿರಿಯರು ಮರಳಿ ದೊರೆತರು.

ಆದುದರಿಂದ ನನ್ನ ವಿನಂತಿ ಇಷ್ಟೇ. ಬರುವ ನವೆಂಬರ್ ತಿಂಗಳು ಮೃತರ ಸ್ಮರಣೆಯ ತಿಂಗಳು. ಅಷ್ಟರೊಳಗೆ ಪ್ರತಿಯೊಂದು ಮನೆಯವರೂ ತಮಗೆ ಖಚಿತವಾಗಿ ತಿಳಿದ ಹಿರಿಯರ ಹೆಸರನ್ನು ತಂದೆತಾಯಿಯರ ಹೆಸರು, ಊರು, ಕರೆಯುತ್ತಿದ್ದ ಹೆಸರು ಇವುಗಳೊಡನೆ ಒಂದು ಹಾಳೆಯಲ್ಲಿ ಬರೆದು ಗುರುಮನೆಗೆ ತಲುಪಿಸಿರಿ. ಮನೆಯಲ್ಲಿರುವ ಹಿರಿಯರನ್ನು ಇಂದೇ ಕೇಳಿರಿ. ಅವರೊಡನೆ ಹೋಗುವ ಮಾತುಗಳು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಸಕಲ ಮೃತರ ದಿನದ ಬಲಿಪೂಜೆಯಲ್ಲಿ ಆ ಹಾಳೆಗಳನ್ನು ಪೀಠದ ಮೇಲಿಡೋಣ. ನಮ್ಮ ಪುಸ್ತಕಗಳಲ್ಲಿ ಎಷ್ಟು ಪೆದ್ರುಗಳು, ಎಷ್ಟು ಮರಿಯರು ಬೆರೆತುಹೋಗಿದ್ದರೂ ಒಳ್ಳೆಯ ಕುರಿಗಾಹಿಯಾದ ಪ್ರಭು ಒಬ್ಬೊಬ್ಬರನ್ನೂ ಬಲ್ಲರು. ಅವರು ಬಲ್ಲಂತೆ ಬಲ್ಲವರಾಗಲು ನಾವೂ ಸ್ವಲ್ಪ ಪ್ರಯತ್ನಿಸೋಣ. ನಿಮ್ಮನ್ನೂ ನಿಮ್ಮ ಮನೆತನಗಳ ಸಕಲ ಮೃತರನ್ನೂ ದೇವರು ಆಶೀರ್ವದಿಸಲಿ.